ವೆನಿಲ್ಲಾ ಬಳ್ಳಿಯ ಮದುವೆ

ವೆನಿಲ್ಲಾ ಹೂವಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ನಾನು ಹೀಗೆಂದರೆ ಈಗಿನವರು ನಂಬುವುದಿಲ್ಲ. ಐಸ್‌ಕ್ರೀಂ ತಿಂದು ಬೆಳೆದ ನನ್ನ ಮೊಮ್ಮಕ್ಕಳಿಗಂತೂ ಬಳ್ಳಿಯ ಪಕ್ಕ ನಿಂತರೇ ಮೂಗು ತುಂಬುತ್ತದೆ ಎಂಬ ಕಲ್ಪನೆ. ಬಳ್ಳಿಗೂ ವಾಸನೆಯಿಲ್ಲ, ಅದರ ಹಸಿರು ಕಾಯಿ, ಕೋಡು ಎನ್ನುತ್ತೇವೆ, ಅದಕ್ಕೂ ಇಲ್ಲ. ಹೂ ಬಿಡಿಸಿ, ಕಾಯಿ ಕಟ್ಟಿಸಿ, ಕೊಯ್ದು, ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ, ಬಿಸಿಲಿಗೆ ಹಾಕಿ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಕಾದ ಮೇಲೆ ಬರುವ ಪರಿಮಳ ಅದು. ಅಷ್ಟು ತಾಳ್ಮೆ ಪ್ರಾಯದಲ್ಲಿ ನನಗಿತ್ತು ಎಂದು ನೆನೆದರೆ ನನಗೇ ಆಶ್ಚರ್ಯವಾಗುತ್ತದೆ. ಈಗ ಕಾಫಿ ಆರುವ ತನಕ ಕಾಯುವುದಕ್ಕೂ ಆಗುವುದಿಲ್ಲ.

ಇದು ಅರವತ್ತರ ದಶಕದ ಆರಂಭದ ಮಾತು. ಶಿವಮೊಗ್ಗದ ಗೋಪಾಳ ಆಗ ಬಡಾವಣೆಯಾಗಿರಲಿಲ್ಲ. ಗದ್ದೆ, ಮಾವಿನ ಮರ, ಅಲ್ಲೊಂದು ಇಲ್ಲೊಂದು ಬಾವಿ. ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರಿಗೆ ಅಲ್ಲೊಂದು ತೋಟವಿತ್ತು. ತೋಟದ ಹಿಂಬದಿಯಲ್ಲಿ ಹಾಲುವಾಣದ ಮರಗಳ ಅರೆನೆರಳು, ಆ ಮರಗಳಿಗೆ ಹಬ್ಬಿದ ವೆನಿಲ್ಲಾ ಬಳ್ಳಿಗಳು. ಅವನ್ನು ನೆಟ್ಟವರು ಯಜಮಾನರ ಹೆಂಡತಿ. ಕೊಡಗಿನ ನೆಂಟರ ಕಾಫಿ ತೋಟದಿಂದ ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರಂತೆ. ಈ ಹೂವಿಗೆ ನಮ್ಮ ಸೀಮೆಯ ಜೇನು ದುಂಬಿಗಳು ಉಪಯೋಗಕ್ಕೆ ಬರುವುದಿಲ್ಲ, ಗಂಡು ಹೆಣ್ಣನ್ನು ಮನುಷ್ಯನೇ ಕೈಯಾರೆ ಜೋಡಿಸಬೇಕು ಎಂದು ಆ ನೆಂಟರು ಹೇಳಿದ್ದರು. ಆಕೆಗೆ ಬರೀ ಗಂಡುಮಕ್ಕಳು. "ಹೆಣ್ಣಿಲ್ಲದ ಮನೆ ನಮ್ಮದು. ಈ ಬಳ್ಳಿ ಹೂ ಬಿಡ್ಲಿ, ನಾನೇ ನಿಂತು ಇದಕ್ಕೆ ಮದುವೆ ಮಾಡ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ.

ಬಳ್ಳಿ ಮರದ ತುದಿಗೆ ಏರಿತೇ ಹೊರತು ಹೂ ಬಿಡಲಿಲ್ಲ. ಆಕೆ ತೀರಿಕೊಂಡರು. ಗಂಡುಮಕ್ಕಳು ಆ ಜಾಗದಲ್ಲಿ ಬಾಳೆ ಹಾಕೋಣ ಎಂದು ಗಂಟು ಬಿದ್ದರು. ಯಜಮಾನರು ಒಂದು ಹಂಗಾಮಿನ ಅವಕಾಶ ಕೇಳಿದರು. ಈ ಸಲ ಕಾಯಿ ಬಿಡದಿದ್ದರೆ ಬಳ್ಳಿ ಕಿತ್ತು ಹಾಕಿ, ನಾನು ಅಡ್ಡ ಬರುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಟ್ಟರು. ಆಮೇಲೆ ಈ ಕೆಲಸ ಗೊತ್ತಿದ್ದವರನ್ನು ಹುಡುಕಿಸಿದರು. ಸಿಕ್ಕಿದವನು ನಾನು.

ನಾನು ಭದ್ರಾವತಿಯ ನ್ಯೂ ಟೌನಿನವನು. ಬೆಟ್ಟದ ಕಡೆಯ ತೋಟವೊಂದರಲ್ಲಿ ಒಂದು ಹಂಗಾಮು ವೆನಿಲ್ಲಾ ಕೆಲಸ ಕಲಿತು ಬಂದಿದ್ದೆ. ಅಷ್ಟಕ್ಕೇ ಊರಿಗೆ ನಾನು ಪಂಡಿತ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನಿಗೆ ಮಾತ್ರ ಇದು ದೊಡ್ಡ ತಮಾಷೆ. "ಊರೆಲ್ಲ ಕಬ್ಬಿಣ ಕಾಯ್ಸಿ ಬದುಕ್ತಿದೆ. ನನ್ ಮಗ ಹೂವಿಗೆ ಮೇಸ್ತ್ರಿ ಕಣಯ್ಯಾ" ಎಂದು ಕ್ವಾರ್ಟರ್ಸಿನ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಬೆಳಗಿನ ಪಾಳಿಯ ಸೈರನ್ ಕೂಗುವಾಗ ಅವರು ಸೈಕಲ್ ಏರಿ ಗೇಟಿನ ಕಡೆ, ನಾನು ಬುತ್ತಿ ಹಿಡಿದು ಶಿವಮೊಗ್ಗದ ಬಸ್ಸಿನ ಕಡೆ.

ಮೊದಲ ದಿನವೇ ಯಜಮಾನರಿಗೂ ನನಗೂ ಜಟಾಪಟಿ. ಬಳ್ಳಿ ಹೂ ಬಿಡದೆ ಇದ್ದುದಕ್ಕೆ ಕಾರಣ ಸ್ಪಷ್ಟವಾಗಿತ್ತು: ಅದನ್ನು ಮೇಲೇರಲು ಬಿಟ್ಟಿದ್ದರು. ಏರುವಷ್ಟು ಕಾಲ ಅದು ಏರುತ್ತಲೇ ಇರುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ. ಅದನ್ನು ಮರದಿಂದ ಬಿಡಿಸಿ, ಕೊಂಬೆಯ ಮೇಲಿಂದ ಬಾಗಿಸಿ ಕೈಗೆಟಕುವಂತೆ ಇಳಿಬಿಡಬೇಕು, ಕುಡಿ ಚಿವುಟಬೇಕು, ಕೆಲವು ವಾರ ನೀರು ನಿಲ್ಲಿಸಬೇಕು. ನಾನು ಮೊದಲ ಕುಡಿಯನ್ನು ಚಿವುಟಿದಾಗ ಯಜಮಾನರು ನನ್ನ ಕೈ ಹಿಡಿದುಕೊಂಡರು.

"ಏಯ್, ಏಯ್! ಅವಳು ನೆಟ್ಟಿದ್ದು ಮಾರಾಯ. ಚಿವುಟ್ತೀಯಲ್ಲ!"

"ಚಿವುಟದೇ ಇದ್ರೆ ಇನ್ನೂ ಹತ್ತು ವರ್ಷ ಹಿಂಗೇ ಹಸಿರಾಗಿರ್ತದೆ ಯಜಮಾನ್ರೇ. ಹೂ ಬೇಕೋ, ಬರೀ ಬಳ್ಳಿ ಬೇಕೋ?"

ಅವರು ಕೈ ಬಿಟ್ಟರು. ಆದರೆ ನಾನು ಅಷ್ಟೂ ಕುಡಿ ಚಿವುಟಿ ಮುಗಿಸುವವರೆಗೆ ಬೆನ್ನು ತಿರುಗಿಸಿ ಬಾವಿಯ ಕಡೆ ನೋಡುತ್ತ ನಿಂತಿದ್ದರು. ದೊಡ್ಡ ಅಂಗಡಿಯ ಮಾಲೀಕ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ದನಿ ಎತ್ತಿದರೆ ಗುಮಾಸ್ತರು ನಡುಗುವ ಮನುಷ್ಯ. ಆ ಬೆನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು.

ಸಂಕ್ರಾಂತಿ ಕಳೆಯುತ್ತಿದ್ದಂತೆ ಎಲೆಯ ಬುಡಗಳಲ್ಲಿ ಹಸಿರು ಗುಬುಟು ಕಾಣಿಸಿಕೊಂಡಿತು. ಅದು ಹೂಗೊಂಚಲೋ ಹೊಸ ಚಿಗುರೋ ಎಂದು ತಿಳಿಯಲು ಕೆಲವು ದಿನ ಬೇಕು. ಗೊಂಚಲೇ ಎಂದು ಖಚಿತವಾದ ದಿನ ನಾನು ಗಾಂಧಿ ಬಜಾರಿಗೆ ಓಡಿದೆ. ಯಜಮಾನರು ಗಿರಾಕಿಯೆದುರು ಸೀರೆ ಬಿಡಿಸಿ ಹಿಡಿದಿದ್ದವರು ಹಾಗೇ ಕೈಬಿಟ್ಟು ಎದ್ದರು.

ಈಗ ಕೈಗಳು ಬೇಕಿತ್ತು. ವೆನಿಲ್ಲಾದ ಗೊಂಚಲಿನಲ್ಲಿ ಹೂಗಳು ಒಟ್ಟಿಗೆ ಅರಳುವುದಿಲ್ಲ. ದಿನಕ್ಕೆ ಒಂದೋ ಎರಡೋ. ಬೆಳಕು ಹರಿಯುವಾಗ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಮುಟ್ಟಿದರೆ ಕಾಯಿ, ಇಲ್ಲದಿದ್ದರೆ ಮರುದಿನ ನೆಲದ ಮೇಲೆ. ತೋಟದ ಆಳುಗಳ ಕೈ ಅಡಿಕೆ ಸುಲಿದು, ಗುದ್ದಲಿ ಹಿಡಿದು ಒರಟಾಗಿತ್ತು. ನಾನು ಯೋಚಿಸಿ ಹೂವಿನ ಮಾರ್ಕೆಟ್ಟಿಗೆ ಹೋದೆ. ಬಾಳೆನಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕನಕಾಂಬರ ಕಟ್ಟುವ ಹೆಂಗಸರನ್ನು ಮಾತಾಡಿಸಿದೆ. ಬೆಳಿಗ್ಗೆ ತೋಟದಲ್ಲಿ ಕೆಲಸ ಮುಗಿಸಿ ಮಾರ್ಕೆಟ್ಟಿಗೆ ಹೋಗಬಹುದು ಎಂದಾಗ ಕೆಲವರು ಒಪ್ಪಿದರು. ಅವರಲ್ಲಿ ಆಲ್ಕೊಳದ ಕಡೆಯಿಂದ ನಡೆದು ಬರುತ್ತಿದ್ದ ಒಬ್ಬ ಅಜ್ಜಿಯಿದ್ದರು. ಎಲ್ಲರೂ ಆಕೆಯನ್ನು ಹೂವಿನಜ್ಜಿ ಎನ್ನುತ್ತಿದ್ದರು. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಶಿವಮೊಗ್ಗದಲ್ಲಿ ಒಳ್ಳೆಯ ಮದುವೆ ಎಂದರೆ ಮದುಮಗಳ ಜಡೆಗೆ ಆಕೆ ಕಟ್ಟಿದ ಮೊಗ್ಗಿನ ಜಡೆಯೇ ಆಗಬೇಕು ಎಂಬ ಮಾತಿತ್ತು.

ಕೆಲಸ ಕಲಿಸುವುದಕ್ಕೆ ನಾನು ಮೊದಲು ಅರಳಿದ ಒಂದೆರಡು ಹೂಗಳನ್ನು ಬಲಿ ಕೊಟ್ಟೆ. ಎಡಗೈಯಲ್ಲಿ ಹೂವನ್ನು ಹಿಂದಿನಿಂದ ಆನಿಸಿ ಹಿಡಿಯಬೇಕು. ತುಟಿಯಂತಿರುವ ಎಸಳನ್ನು ಕಡ್ಡಿಯಿಂದ ಕೆಳಗೆ ತಳ್ಳಿದರೆ ಒಳಗೊಂದು ಕಂಬ ಕಾಣುತ್ತದೆ. ಅದರ ತುದಿಯಲ್ಲಿ ಗಂಡು, ಸ್ವಲ್ಪ ಕೆಳಗೆ ಹೆಣ್ಣು, ನಡುವೆ ಬಾಗಿಲಿನಂತೆ ಒಂದು ತೆಳ್ಳನೆಯ ಪರದೆ. ಕಡ್ಡಿಯಿಂದ ಆ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಗಂಡನ್ನು ಹೆಣ್ಣಿನ ಮೇಲೆ ಮೆಲ್ಲಗೆ ಒತ್ತಿದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ. ಜೋರಾಗಿ ಒತ್ತಿದರೆ ಕಂಬ ಮುರಿಯುತ್ತದೆ, ಹಗುರವಾಗಿ ಒತ್ತಿದರೆ ಅಂಟುವುದಿಲ್ಲ. ಹೂವಿನಜ್ಜಿ ಒಂದೇ ಸಲ ನೋಡಿ, ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಮಾಡಿಬಿಟ್ಟರು. ನನಗೆ ಬೆಟ್ಟದಲ್ಲಿ ಇದು ಕೈಗೆ ಹತ್ತಲು ಅರ್ಧ ಹಂಗಾಮು ಹಿಡಿದಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಿಜವಾದ ಕೆಲಸ ಶುರುವಾಗುವ ಬೆಳಗ್ಗೆ ಯಜಮಾನರು ಜಟಕಾದಲ್ಲಿ ಬಂದಿಳಿದರು. ರೇಷ್ಮೆ ಪಂಚೆ, ಕೈಯಲ್ಲಿ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಅರಿಸಿನ ಕುಂಕುಮ, ಹಸಿರು ಬಳೆ, ವೀಳ್ಯದೆಲೆ, ಅಂಗಡಿಯಿಂದ ತಂದ ಕುಪ್ಪಸದ ಕಣಗಳು. ಹೆಂಡತಿಯ ಆಸೆಯನ್ನು ಅವರು ಮರೆತಿರಲಿಲ್ಲ. "ಮದುವೆ ಅಂದ್ರೆ ಮದುವೆ ಥರಾನೇ ಆಗ್ಬೇಕು" ಎಂದರು. ನಾನು ಸೀಳಿ ಚೂಪು ಮಾಡಿ ಇಟ್ಟಿದ್ದ ಕಡ್ಡಿಗಳನ್ನು ನೋಡಿ ಮುಖ ಸಿಂಡರಿಸಿದರು.

"ಇದೇನು, ಪೊರಕೆ ಕಡ್ಡೀನಾ? ಶುಭಕಾರ್ಯಕ್ಕೆ ಪೊರಕೆ ಹಿಡೀತಾರೇನೋ?"

"ತೆಂಗಿನ ಗರಿ ಕಡ್ಡಿ ಯಜಮಾನ್ರೇ. ಇನ್ನೂ ಪೊರಕೆ ಆಗಿಲ್ಲ."

ಒಪ್ಪಲಿಲ್ಲ. ಜೇಬಿನಿಂದ ಹೊಸ ಹೊಲಿಗೆ ಸೂಜಿಗಳ ಪಟ್ಟಿ ತೆಗೆದು ಎಲ್ಲರಿಗೂ ಹಂಚಿದರು. ಮೊದಲ ಹೂವನ್ನು ತಾವೇ ಮಾಡುತ್ತೇನೆಂದು ಹಟ ಹಿಡಿದರು. ನಾನು ಮೊಣಕೈ ಹಿಡಿದು ತೋರಿಸಿದೆ. ಸೂಜಿ ಅತ್ತಿತ್ತ ಆಡಿದರೂ ಹೇಗೋ ಒತ್ತಿದರು. ಕಣ್ಣಲ್ಲಿ ನೀರಿತ್ತು. ಆಮೇಲೆ ತಟ್ಟೆ ಎತ್ತಿಕೊಂಡು ಸಾಲಾಗಿ ನಿಂತ ಹೆಂಗಸರಿಗೆ ಒಬ್ಬೊಬ್ಬರಿಗೇ ಅರಿಸಿನ ಕುಂಕುಮ, ಬಳೆ, ಕಣ ಕೊಟ್ಟರು. ಎಲ್ಲರೂ ನಗುನಗುತ್ತ ತೆಗೆದುಕೊಂಡರು. ತಟ್ಟೆ ತಮ್ಮ ಹತ್ತಿರ ಬರುವ ಮೊದಲೇ ಹೂವಿನಜ್ಜಿ ಸೆರಗು ಎಳೆದುಕೊಂಡು ಹಾಲುವಾಣದ ಮರದ ಆಚೆ ಸರಿದಿದ್ದರು. ಅದನ್ನು ಯಾರೂ ಗಮನಿಸಲಿಲ್ಲ. ಮದುವೆಮನೆಗಳಲ್ಲಿ ಹಾಗೆ ಸರಿಯುವವರನ್ನು ಯಾರೂ ಗಮನಿಸುವುದಿಲ್ಲ, ಅವರಿಗೂ ಅದು ಅಭ್ಯಾಸ.

ಆ ದಿನದಿಂದ ಅಜ್ಜಿ ಬೇಲಿಯ ಹೊರಗೆ, ಬಾವಿಯ ಕಟ್ಟೆಯ ಪಕ್ಕ ಕೂತು ಮಾರ್ಕೆಟ್ಟಿನ ಹೂ ಕಟ್ಟತೊಡಗಿದರು. ಮೊದಲ ದಿನ ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡೆ. ಮರುದಿನವೂ ಅಲ್ಲೇ ಕೂತಿದ್ದರು. ಒಳಗೆ ಹರೆಯದ ಹೆಂಗಸರು ಯಜಮಾನರ ಸೂಜಿ ಹಿಡಿದು ಒದ್ದಾಡುತ್ತಿದ್ದರು. ಸೂಜಿ ಪರದೆಯನ್ನು ಎತ್ತುವ ಬದಲು ಹರಿಯುತ್ತಿತ್ತು. ನಾನು ಗುಟ್ಟಾಗಿ ಮತ್ತೆ ಕಡ್ಡಿಗಳನ್ನೇ ಹಂಚಿದೆ, ಆದರೂ ಕೈಗೆ ಹದ ಸಿಗಲಿಲ್ಲ.

ಹೂ ನಿಂತಿತೋ ಇಲ್ಲವೋ ಎಂದು ತಿಳಿಯುವುದು ಸುಲಭ. ನಿಂತಿದ್ದರೆ ಹೂ ಒಣಗಿದರೂ ತುದಿಗೇ ಅಂಟಿಕೊಂಡಿರುತ್ತದೆ, ಅದರ ಹಿಂದಿನ ತೊಟ್ಟು ನಿಧಾನವಾಗಿ ಉದ್ದವಾಗಿ ಕೋಡಾಗುತ್ತದೆ. ನಿಲ್ಲದಿದ್ದರೆ ಬೆರಳು ತಾಗಿದರೆ ಸಾಕು, ಉದುರುತ್ತದೆ. ನಾನು ಸಾಲಿನಲ್ಲಿ ಬೆರಳಾಡಿಸುತ್ತ ಹೋದ ಹಾಗೆ ಹೂಗಳು ತಪತಪ ಉದುರಿದವು. ಕಾಲಡಿಯ ತರಗೆಲೆಗಳ ಮೇಲೆ ಹಳದಿ ಹಸಿರು ರಾಶಿ. ಹೂಬಿಡುವ ಕಾಲ ಹೀಗೇ ಕಳೆದರೆ ಯಜಮಾನರ ಮಕ್ಕಳು ಬಾಳೆ ಕಂದು ತರಿಸುವುದು ಖಂಡಿತ. ನಾನು ಬಾವಿಯ ಹತ್ತಿರ ಹೋದೆ.

"ಅಜ್ಜಿ, ಒಳಗೆ ಬನ್ನಿ. ಹೂವೆಲ್ಲ ಹಾಳಾಗ್ತಿದೆ."

"ನಾನು ಬರ್ಬಾರ್ದು ಮೇಷ್ಟ್ರೇ."

"ಯಾಕೆ?"

ಆಕೆ ನನ್ನ ಮುಖ ನೋಡಿದರು, ಇಷ್ಟೂ ತಿಳಿಯದವನಾ ಎಂಬಂತೆ. "ಮದುವೆ ಅಂತ ಯಜಮಾನ್ರು ತಟ್ಟೆ ಹಿಡ್ಕೊಂಡು ಬಂದ್ರಲ್ಲ. ನಾನು ಜಡೆ ಕಟ್ಟಿ ಕೊಡ್ತೀನಿ, ಹಾರ ಕಟ್ಟಿ ಕೊಡ್ತೀನಿ. ಮದುಮಗಳನ್ನ ಮುಟ್ಟಲ್ಲ. ಯಾರದೋ ಮನೆ ಒಳ್ಳೇದಕ್ಕೆ ನನ್ನ ಕೈಯಿಂದ ಕೆಟ್ಟದ್ದಾಯ್ತು ಅನ್ನೋ ಮಾತು ನಂಗ್ಯಾಕೆ ಬೇಕು?"

"ಮೊನ್ನೆ ಕಲಿಯೋವಾಗ ಮುಟ್ಟಿದ್ರಲ್ಲ!"

"ಆವಾಗ ಅದು ಬರೀ ಹೂವಾಗಿತ್ತು" ಎಂದು ಆಕೆ ಮತ್ತೆ ನಾರಿಗೆ ಗಂಟು ಹಾಕಿದರು.

ನನಗೆ ರೇಗಿತು. ಆಕೆಯ ಮೇಲೆ, ಯಜಮಾನರ ಮೇಲೆ, ಬೆಳ್ಳಿ ತಟ್ಟೆಯ ಮೇಲೆ. ಇದು ಮದುವೆಯಲ್ಲ, ಒಂದು ಗಿಡದ ಕೆಲಸ ಎಂದು ವಿವರಿಸಿದೆ. ಆಕೆ ತಲೆಯಾಡಿಸುತ್ತ ಕೇಳಿದರು, ಕದಲಲಿಲ್ಲ. ಮದುವೆ ಎಂದವನು ನಾನಲ್ಲ. ಅಂದವರೇ ಬಂದು ಈ ಗಂಟು ಬಿಡಿಸಬೇಕಿತ್ತು.

ಹಾಗೆಂದು ಅಂಗಡಿಗೆ ಹೋಗಿ ಹೇಳುವುದು ಸುಲಭವಿರಲಿಲ್ಲ. ತೀರಿಕೊಂಡ ಹೆಂಡತಿಯ ಆಸೆಯೆಂದು ಮನಸಾರೆ ಮಾಡಿದ ಶಾಸ್ತ್ರ ಅದು. ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ಹೇಳುವುದು ಬೇಡ ಎನ್ನಿಸಿತು, ಬರುವಾಗ ಹೇಳಲೇಬೇಕು ಎನ್ನಿಸಿತು. ಮತ್ತೊಂದು ಬೆಳಗಿನ ಹೂವೂ ಉದುರಿದ ಮೇಲೆ ನೇರ ಗಾಂಧಿ ಬಜಾರಿಗೆ ನಡೆದೆ. ಅಂಗಡಿಯಲ್ಲಿ ದೊಡ್ಡ ಮಗನೂ ಇದ್ದ.

"ಯಜಮಾನ್ರೇ, ಹೂ ನಿಲ್ತಿಲ್ಲ. ಕೈ ಬರೋರು ಒಬ್ರೇ, ಹೂವಿನಜ್ಜಿ. ಅವರು ಬೇಲಿ ಹೊರಗೆ ಕೂತಿದ್ದಾರೆ."

"ನಾನು ಹೊರಗೆ ಕೂತ್ಕೋ ಅಂದಿಲ್ಲವಲ್ಲ."

"ನೀವು ಅಂದಿಲ್ಲ. ನೀವು ತಂದ ತಟ್ಟೆ ಅಂತು."

ಅವರು ಬಟ್ಟೆ ಅಳೆಯುತ್ತಿದ್ದ ಗಜಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಮುಖ ಕೆಂಪಾಯಿತು. "ಸತ್ತೋಳ ಆಸೆ ಅಂತ ಮಾಡ್ದೆ. ಅದರಲ್ಲೂ ಹುಳುಕು ಹುಡುಕ್ತೀಯಾ? ನಮ್ಮನೆ ಶಾಸ್ತ್ರ ನೀನು ಹೇಳ್ಕೊಡ್ಬೇಕಾ?"

"ಬಿಡಪ್ಪಾಜಿ, ಬಾಳೆ ಹಾಕೋಣ. ಇದೆಲ್ಲ ಆಗೋದಲ್ಲ" ಎಂದ ಮಗ, ಲೆಕ್ಕದ ಮೇಜಿನಿಂದ ತಲೆ ಎತ್ತದೆ.

ನಾನು ಹೊರಬಿದ್ದೆ. ನನ್ನ ಕೆಲಸ ಹೋಯಿತೆಂದೇ ಲೆಕ್ಕ. ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಯಾವತ್ತೂ ಚುಡಾಯಿಸುವವರು ಅಂದು ಚುಡಾಯಿಸಲಿಲ್ಲ. "ಹೇಳಿದ್ದು ಸರಿ ಇದೆ. ನಾಳೆ ಬಸ್ಸಿಗೆ ಹೋಗು. ಬೇಡ ಅಂತ ಅವರೇ ಅನ್ಲಿ" ಎಂದರು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಜಟಕಾ ತೋಟದ ಬಾಗಿಲಲ್ಲಿ ನಿಂತಿತ್ತು. ಯಜಮಾನರು ಬರಿಗೈಯಲ್ಲಿ ಬಂದಿದ್ದರು. ರೇಷ್ಮೆಯಿಲ್ಲ, ಅಂಗಡಿಗೆ ಉಡುವ ಬಿಳಿ ಪಂಚೆ. ತಾವು ಮೊದಲ ದಿನ ಮಾಡಿದ ಹೂವಿನ ಎದುರು ನಿಂತಿದ್ದರು. ಅದು ಕಂದಾಗಿ ಒಣಗಿ ತುದಿಯಲ್ಲಿ ನೇತಾಡುತ್ತಿತ್ತು, ಹಿಂದೆ ಬೆರಳುದ್ದದ ಹಸಿರು ಕೋಡು.

"ಇದು ನಾನು ಮಾಡಿದ್ದಲ್ವಾ?"

"ಹೌದು."

"ನಿಂತಿದೆಯಾ?"

"ನಿಂತಿದೆ ಯಜಮಾನ್ರೇ."

ಅವರು ಬಾವಿಯ ಕಡೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಅಜ್ಜಿ ಎದ್ದು ನಿಲ್ಲಲು ಹೋದಾಗ ಕೂರುವಂತೆ ಕೈಸನ್ನೆ ಮಾಡಿದರು.

"ನೋಡಮ್ಮ, ಹೆಂಡ್ತಿ ಹೋದ್ಮೇಲೆ ನಾನೂ ಒಂಟೀನೇ. ಆದ್ರೂ ನಾನು ಮುಟ್ಟಿದ ಹೂ ಕಾಯಾಗಿದೆ, ಬಂದು ನೋಡು. ನೀನ್ಯಾಕೆ ಮುಟ್ಬಾರ್ದು?"

ಅಜ್ಜಿ ತಡಮಾಡದೆ ಹೇಳಿದರು. "ನೀವು ಗಂಡಸ್ರು ಯಜಮಾನ್ರೇ. ನಿಮಗೆ ನಡೀತದೆ."

ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ಇವತ್ತು ಸಂತೆ ಇದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದ್ದರು. ಯಜಮಾನರು ಪಂಚೆಯನ್ನು ಸ್ವಲ್ಪ ಎತ್ತಿಕೊಂಡು, ಬೇಲಿಯ ಹೊರಗೆ, ಆಕೆಯ ಎದುರಿನ ಬರಿ ನೆಲದ ಮೇಲೆ ಕೂತುಬಿಟ್ಟರು.

"ಹಾಗಾದ್ರೆ ನಂಗೂ ನಡೆಯೋದು ಬೇಡ. ನಾನೂ ಒಳಗೆ ಹೋಗಲ್ಲ."

ಕಡ್ಡಿ ಹಿಡಿದ ಹೆಂಗಸರು ನನ್ನ ಮುಖ ನೋಡಿದರು. ನಾನು ಯಾರ ಮುಖ ನೋಡಲಿ? ಅಜ್ಜಿ ಹೂ ಕಟ್ಟುತ್ತಲೇ ಇದ್ದರು. ಬಿಸಿಲು ಹಾಲುವಾಣದ ತಲೆಯಿಂದ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಒಳಗೆ ಅರಳಿದ ಹೂಗಳ ಅಂಚು ಮೆತ್ತಗಾಗುತ್ತಿದ್ದುದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು.

"ಏಳಿ ಯಜಮಾನ್ರೇ, ಬಟ್ಟೆ ಮಣ್ಣಾಗ್ತದೆ" ಎಂದರು ಅಜ್ಜಿ.

"ಆಗ್ಲಿ. ಬಟ್ಟೆ ಅಂಗಡಿ ಇರೋನು ನಾನು."

ಅಜ್ಜಿ ಇನ್ನೊಂದು ಗಂಟು ಹಾಕಿದರು. "ಹೂ ಬಾಡ್ತಾವೆ."

"ಬಾಡ್ಲಿ."

"ಅಮ್ಮಾವ್ರು ಆಸೆಪಟ್ಟು ನೆಟ್ಟಿದ್ದಂತೆ."

"ಹೌದು. ಅವಳ ಮದುವೆಮನೆ ಅದು. ಹೆಣ್ಣಿನ ಕಡೆಯೋರು ಹೊರಗೆ ಕೂತಿರೋವಾಗ ನಾನು ಒಳಗೆ ಹೋಗಿ ಏನು ಮಾಡ್ಲಿ?" ಎಂದರು ಯಜಮಾನರು.

ಅಜ್ಜಿಯ ಕೈ ನಿಂತಿತು. ಬೇಲಿಯ ಆಚೆ ಕಣ್ಣು ಹಾಯಿಸಿದರು, ಬಿಸಿಲು ನೋಡಿದರು. ಬಾಳೆನಾರನ್ನು ಹಲ್ಲಿನಿಂದ ಕಡಿದು, ಕಟ್ಟಿದ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ, ಮಂಡಿಗೆ ಕೈ ಕೊಟ್ಟು ಎದ್ದರು.

"ಹೂ ಬಾಡೋದನ್ನ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ ಮಾರಾಯ್ರೇ. ಇಬ್ರೂ ಹೊರಗೆ ಕೂತ್ರೆ ಒಳಗಿನ ಕೆಲ್ಸ ಯಾರು ಮಾಡ್ತಾರೆ? ಏಳಿ ಮೇಲೆ!"

ಶಿವಮೊಗ್ಗದಲ್ಲಿ ಯಜಮಾನರನ್ನು ಹಾಗೆ ಗದರಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಅವರು ಶಾಲೆಯ ಹುಡುಗನ ಹಾಗೆ ಎದ್ದು, ಮಣ್ಣು ಕೊಡವಿಕೊಂಡು ಆಕೆಯ ಹಿಂದೆ ಒಳಗೆ ನಡೆದರು. ಆಕೆ ನನ್ನ ಕಡ್ಡಿಯನ್ನೂ ಮುಟ್ಟಲಿಲ್ಲ. ತಮ್ಮ ಬುಟ್ಟಿಯಿಂದ ಉರಿದು ಉಳಿದ ಊದುಬತ್ತಿಯ ಕಡ್ಡಿಯೊಂದನ್ನು ತೆಗೆದು, ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡರು. ಎಡಗೈ ಹೂವಿಗೆ ಆನಿಸಿದ್ದು ಕಂಡಿತು, ಕಡ್ಡಿ ಎತ್ತಿದ್ದು ಕಂಡಿತು, ಹೆಬ್ಬೆರಳು ಒತ್ತಿದ್ದು ಕಾಣಲೇ ಇಲ್ಲ. ಅಷ್ಟರಲ್ಲಿ ಮುಂದಿನ ಹೂವಿನಲ್ಲಿದ್ದರು. ಒಂದು ಸಾಲು ಮುಗಿಸಿ ಬೆನ್ನು ನೆಟ್ಟಗೆ ಮಾಡಿ, "ಕನಕಾಂಬರಕ್ಕಿಂತ ಸುಲಭ" ಎಂದರು. ಅಂದಿನ ಹೂಗಳಲ್ಲಿ ಮರುದಿನ ನನ್ನ ಬೆರಳಿಗೆ ಉದುರಿದವು ಬಹಳ ಕಡಿಮೆ.

ಆಮೇಲೆ ಉಳಿದವರ ಕೈಯನ್ನು ತಿದ್ದಿದವರೂ ಆಕೆಯೇ. ಬೈದು ತಿದ್ದಿದರು. ಒಂದೇ ವಿಷಯಕ್ಕೆ ನನಗೂ ಆಕೆಗೂ ದಿನಾ ಜಗಳ. ಗೊಂಚಲಿನಲ್ಲಿ ಬೆರಳೆಣಿಕೆಯಷ್ಟು ಕಾಯಿ ಸಾಕು, ಮಿಕ್ಕ ಮೊಗ್ಗು ಚಿವುಟಬೇಕು, ಇಲ್ಲದಿದ್ದರೆ ಬಳ್ಳಿ ಸೋತು ಹೋಗುತ್ತದೆ. ಮೊಗ್ಗು ಚಿವುಟಿ ಎಸೆಯುವುದು ಆ ಕೈಗೆ ಆಗದು. ನಾನು ಅತ್ತ ತಿರುಗಿದಾಗ ಬಿಟ್ಟುಬಿಡುತ್ತಿದ್ದರು. ನಾನು ಚಿವುಟಿದರೆ ಹೆಕ್ಕಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ವಾಸನೆಯಿಲ್ಲದ, ಮಾಲೆಗೂ ಬಾರದ ಆ ಮೊಗ್ಗುಗಳನ್ನು ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ.

ಮಳೆಗಾಲದಲ್ಲಿ ಒಂದು ಮೂಲೆಯ ಬಳ್ಳಿಗಳು ಬುಡ ಕೊಳೆತು ಹೋದವು. ನೆರಳು ಹೆಚ್ಚಾಗಿದ್ದ ಕೊಂಬೆಗಳನ್ನು ಕಡಿಸಿ, ಬುಡದ ನೀರು ಹರಿಸಿ ಉಳಿದವನ್ನು ಕಾಪಾಡಿಕೊಂಡೆವು. ಕೋಡುಗಳು ಗೇಣುದ್ದವಾಗಿ, ಹುರುಳಿಕಾಯಿಯ ಅಣ್ಣತಮ್ಮಂದಿರ ಹಾಗೆ ಜೋತುಬಿದ್ದಿದ್ದವು. ಯಜಮಾನರ ದೊಡ್ಡ ಮಗ ಒಮ್ಮೆ ಬಂದು, ಒಂದು ಗೊಂಚಲನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿ ಹೋದ. ಬಾಳೆಯ ಮಾತು ಮತ್ತೆ ಬರಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಕೋಡಿನ ತುದಿ ಹಳದಿಗೆ ತಿರುಗಿತು. ಅಡಿಕೆಯ ಹಾಗೆ ಗೊನೆಗೇ ಕತ್ತಿ ಹಾಕುವಂತಿಲ್ಲ. ಹಳದಿ ಕಂಡದ್ದನ್ನಷ್ಟೇ ಒಂದೊಂದಾಗಿ ಕೊಯ್ಯಬೇಕು. ಕೊಯ್ದದ್ದನ್ನು ಬಿಸಿನೀರಿಗೆ ಅದ್ದುವಾಗ ಒಂದು ಅನಾಹುತವಾಯಿತು. ತೋಟದ ಆಳು ಅಡಿಕೆ ಬೇಯಿಸಿ ಪಳಗಿದವನು. ನಾನು ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ಉಪಕಾರ ಮಾಡೋಣವೆಂದು ಹಂಡೆಯಲ್ಲಿ ನೀರು ಕೊತಕೊತ ಕುದಿಸಿ ಒಂದು ಬುಟ್ಟಿ ಕೋಡು ಸುರಿದು, ಅಡಿಕೆಯ ಹದಕ್ಕೆ ಬೇಯಿಸಿಬಿಟ್ಟಿದ್ದ. ತೆಗೆದು ನೋಡಿದರೆ ಪಲ್ಯಕ್ಕೆ ಒಗ್ಗರಣೆ ಹಾಕುವುದೊಂದು ಬಾಕಿ. ಅಪ್ಪ ಕಾರ್ಖಾನೆಯ ಗೆಳೆಯರೊಬ್ಬರಿಂದ ಥರ್ಮಾಮೀಟರ್ ಕೇಳಿ ತಂದುಕೊಟ್ಟರು. "ಕಬ್ಬಿಣಕ್ಕೂ ಅಷ್ಟೇ ಕಣೋ. ಬಿಸಿ ಎಷ್ಟು ಅನ್ನೋದು ಗೊತ್ತಿಲ್ದೋನು ಎಲ್ಲಾನೂ ಕೆಡಿಸ್ತಾನೆ" 
ಎಂದರು. ಅದೇ ಅವರು ನನ್ನ ಕೆಲಸಕ್ಕೆ ಕೊಟ್ಟ ಸರ್ಟಿಫಿಕೇಟು. ಕೈ ಅದ್ದಿದರೆ ಸುಟ್ಟು ಹಿಂತೆಗೆಯುವಷ್ಟು, ಆದರೆ ಕುದಿಯದ ನೀರು. ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಆಮೇಲೆ ಕರಿ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಬೆವರಲು ಬಿಡುವುದು, ಹಗಲು ಬಿಸಿಲಿಗೆ ಹರಡಿ ಕಾದಾಗಲೇ ಮತ್ತೆ ಸುತ್ತುವುದು. ಹಸಿರು ಕಂದಾಯಿತು, ಕಂದು ಕಪ್ಪಾಯಿತು, ಕೋಡು ಸುಕ್ಕಾಗಿ ಬೆರಳಿಗೆ ಸುತ್ತುವಷ್ಟು ಮೆದುವಾಯಿತು. ಕೊನೆಗೆ ಮೇಣದ ಕಾಗದ ಹಾಸಿದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಅಂಗಡಿಯ ಅಟ್ಟದ ಮೇಲೆ ಇರಿಸಿ ಕಾದೆವು.

ಆ ತೋಟ ಈಗಿಲ್ಲ. ಯಜಮಾನರಿದ್ದಷ್ಟು ಕಾಲ ಬಳ್ಳಿಗಳಿದ್ದವು. ಅವರ ನಂತರ ಹಾಲುವಾಣದ ಮರಗಳೂ ಹೋಗಿ ಸೈಟುಗಳಾದವು. ಗೋಪಾಳದಲ್ಲಿ ಮಗಳ ಮನೆಗೆ ಹೋದಾಗ ಆ ಬಾವಿ ಎಲ್ಲಿತ್ತೆಂದು ಲೆಕ್ಕ ಹಾಕುತ್ತ ನಿಲ್ಲುತ್ತೇನೆ, ಆಟೋದವರು ಹಾರ್ನ್ ಹೊಡೆಯುತ್ತಾರೆ. ಬೇಸರವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಪೆಟ್ಟಿಗೆ ತೆರೆದ ಬೆಳಗು ಮಾತ್ರ ನನ್ನಲ್ಲಿ ಹಾಗೇ ಉಳಿದಿದೆ.

ಮತ್ತೆ ಹೊಸ ಹೂ ಅರಳಲು ಶುರುವಾಗಿದ್ದ ಸಮಯ ಅದು. ಯಜಮಾನರು ಪೆಟ್ಟಿಗೆಯನ್ನು ಜಟಕಾದಲ್ಲಿ ತೋಟಕ್ಕೇ ತಂದರು. ಎಲ್ಲರೂ ಬೇಲಿಯ ಒಳಗೆ, ಹಾಲುವಾಣದ ನೆರಳಲ್ಲಿ ಸೇರಿದ್ದೆವು. ಮುಚ್ಚಳ ಎತ್ತಿದರು. ಆ ಪರಿಮಳಕ್ಕೆ ಎಲ್ಲರೂ ಹತ್ತಿರ ಸರಿದರು. ಬೆಲ್ಲದ ಪಾಕ, ಹಳೆಯ ಗಂಧದ ಪೆಟ್ಟಿಗೆ, ಹೊಸ ಸೀರೆ, ಏನೇನೋ ಒಟ್ಟಿಗೆ ನೆನಪಾಗುವಂಥದ್ದು. ಯಜಮಾನರು ಪೆಟ್ಟಿಗೆಯ ಕಡೆ ತಲೆ ಬಗ್ಗಿಸಿ, "ಅವಳಿಗೆ ಇದರ ವಾಸನೆ ಹೆಂಗಿರ್ತದೆ ಅಂತಾನೇ ಗೊತ್ತಾಗ್ಲಿಲ್ಲ ಮಾರಾಯ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು.

ಅದೇ ಬೆಳ್ಳಿ ತಟ್ಟೆ ಬಂದಿತ್ತು. ಈ ಸಲ ಅದರಲ್ಲಿ ಅರಿಸಿನ ಕುಂಕುಮ ಇರಲಿಲ್ಲ, ಬಳೆ ಇರಲಿಲ್ಲ. ಬರೀ ಕಪ್ಪು ಕೋಡುಗಳು. ಯಜಮಾನರು ತಾವೇ ಹಿಡಿದು ಮೊದಲು ಹೂವಿನಜ್ಜಿಯ ಮುಂದೆ ನಿಂತರು. ಆಕೆ ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಒಂದು ಹೆಜ್ಜೆ ಮುಂದೆ ಹೋದರು. ಆಕೆಯ ಬೆನ್ನಿಗೆ ಹಾಲುವಾಣದ ಮರ ತಾಗಿತು.

"ತಗೊಳ್ಳಿ ಅಮ್ಮಾ. ನಿಮ್ಮ ಕೈಯಿಂದಾಗಿದ್ದು" ಎಂದರು. ಆಕೆಗೆ ಅವರು 'ನೀವು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಒಂದು ಕೋಡು ಎತ್ತಿಕೊಂಡರು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಅದನ್ನು ಬೆರಳಿಗೊಮ್ಮೆ ಸುತ್ತಿ ಬಿಡಿಸಿ, ಸೆರಗನ್ನು ಸ್ವಲ್ಪ ಸರಿಸಿ, ತಮ್ಮ ಬಿಳಿಗೂದಲಿನ ಸಣ್ಣ ತುರುಬಿನೊಳಗೆ ಸಿಕ್ಕಿಸಿಕೊಂಡರು. ಊರಿನ ಮದುಮಕ್ಕಳಿಗೆಲ್ಲ ಜಡೆ ಕಟ್ಟಿದ ಕೈ ಎಷ್ಟೋ ವರ್ಷಗಳ ಮೇಲೆ ತನ್ನ ತಲೆಗೆ ತಾನೇ ಹೋಗಿತ್ತು.

"ಅಯ್ಯೋ ಅಜ್ಜಿ, ತಲೆಗೆ ಮುಡ್ಕೊಂಡ್ರಾ?" ಎಂದಳು ಪಕ್ಕದ ಹೆಂಗಸು, ಬಾಯಿಗೆ ಕೈ ಇಟ್ಟುಕೊಂಡು.

"ಹೂ ಮುಡೀಬೇಡ ಅಂದಿದ್ದಾರೆ ಕಣೇ. ಕಾಯಿ ಮುಡೀಬೇಡ ಅಂತ ನಂಗ್ಯಾರೂ ಹೇಳಿಲ್ಲ."

ಹೇಳಿ, ಸೆರಗು ಸರಿಮಾಡಿಕೊಂಡು, ಊದುಬತ್ತಿ ಕಡ್ಡಿ ಹಿಡಿದು ಸಾಲಿನೊಳಗೆ ಹೋದರು. ಹೂಗಳು ಅರಳಿ ಕಾಯುತ್ತಿದ್ದವು. ಅಂದು ಬೆಳಗ್ಗೆಯೆಲ್ಲ ಆಕೆ ಯಾವ ಬಳ್ಳಿಯ ಹತ್ತಿರ ಇದ್ದಾರೆಂದು ನಮಗೆ ನೋಡದೆಯೇ ತಿಳಿಯುತ್ತಿತ್ತು.